ಶ್ರೀರಂಗಪಟ್ಟಣಕ್ಕ ಹೋಗ್ರಿ, ಆದ್ರ ಮೊದ್ಲ ಬೀದರ್ ಗೋಡಿ ನೋಡ್ರಿ

ಬಗದಲ್‌ನಿಂದ ಬೀದರ್ ಕೋಟೆಗೆ ಬಸ್ಸಿನಲ್ಲಿ ಒಂದು ತಾಸೂ ಹಿಡಿಯುವುದಿಲ್ಲ. ಶ್ರೀರಂಗಪಟ್ಟಣಕ್ಕೆ ಸುಮಾರು ಎಂಟುನೂರು ಕಿಲೋಮೀಟರ್. ರಾತ್ರಿಯೆಲ್ಲ ಬಸ್ಸು ಓಡಿದರೂ ಬೆಳಗಾಗುವಾಗ ಊರು ಇನ್ನೂ ದೂರವೇ ಇರುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳು ಪ್ರತಿ ಚಳಿಗಾಲದಲ್ಲಿ ಶೈಕ್ಷಣಿಕ ಪ್ರವಾಸ ಅಂತ ಈ ಎರಡನೇ ದಾರಿಯನ್ನೇ ಹಿಡಿಯುತ್ತವೆ. ಮೊದಲನೇ ದಾರಿ ಯಾರಿಗೂ ನೆನಪಾಗುವುದಿಲ್ಲ.

ಇದು ತಪ್ಪು ಅಂತ ಹೇಳಲಿಕ್ಕೇ ಈ ಬರಹ. ಶ್ರೀರಂಗಪಟ್ಟಣ ನೋಡಬಾರದು ಅಂತಲ್ಲ. ಈ ಸಲ ಯುಗಾದಿ ಮುಗಿದ ಮೇಲೆ ಮೈಸೂರಿನ ಕಡೆ ಕೆಲಸವಿತ್ತು. ಎರಡು ದಿನ ಶ್ರೀರಂಗಪಟ್ಟಣದಲ್ಲೇ ಉಳಿದೆ. ಗಾಡಿ ಹತ್ತದೆ ಗೋಡೆಯ ಗುಂಟ ನಡೆದೆ. ನೋಡಿದ ಮೇಲೆ ಸಿಟ್ಟು ಹೆಚ್ಚಾಯಿತು. ಇಷ್ಟು ದೊಡ್ಡ ಪಾಠ ಇರುವ ಊರಿಗೆ ಮಕ್ಕಳನ್ನು ಒಯ್ದು, ಏನನ್ನೂ ತೋರಿಸದೆ ವಾಪಸ್ ತಂದು, ತೋರಿಸಿದೆವು ಅಂತ ರಸೀದಿ ಕೊಡುತ್ತಿದ್ದೇವೆ.

ಶಾಲೆಯ ಬಸ್ಸು ಅಲ್ಲಿ ಏನು ನೋಡುತ್ತದೆ ಅಂತ ನನಗೆ ಗೊತ್ತು. ಒಂಬತ್ತನೇ ತರಗತಿಯಲ್ಲಿದ್ದಾಗ ನಾನೂ ಆ ಬಸ್ಸಿನಲ್ಲಿದ್ದೆ. ಶಾಲೆಯ ಹೆಸರು ಬೇಡ, ಎಲ್ಲ ಶಾಲೆಯದೂ ಅದೇ ಕಥೆ. ರಂಗನಾಥಸ್ವಾಮಿ ಗುಡಿ, ಇಪ್ಪತ್ತು ನಿಮಿಷ. ದರಿಯಾ ದೌಲತ್, ಹದಿನೈದು ನಿಮಿಷ. ಗುಂಬಜ್‌ನ ಮುಂದೆ ಗ್ರೂಪ್ ಫೋಟೊ. ಸಂಗಮದಲ್ಲಿ ಕಾಲು ತೊಳೆದದ್ದು. ಆಮೇಲೆ ಸರ್ ಸೀಟಿ ಊದಿದರು, ತಲೆ ಎಣಿಸಿದರು, ಮೈಸೂರು ಅರಮನೆಗೆ ಹೊತ್ತಾಯಿತು ಅಂತ ಬಸ್ಸು ಹೊರಟಿತು. ಪಕ್ಕದ ಸೀಟಿನ ಹುಡುಗ ದಾರಿಯುದ್ದಕ್ಕೂ ವಾಂತಿ ಮಾಡಿದ್ದು ನನಗೆ ಇವತ್ತಿಗೂ ನೆನಪಿದೆ. ಆ ಊರು ನಾಲ್ಕೂ ಕಡೆ ನೀರು ಇರುವ ದ್ವೀಪ ಅನ್ನುವುದು ಮಾತ್ರ ನಮ್ಮಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಬಸ್ಸು ಸೇತುವೆ ದಾಟಿದಾಗ ಎಲ್ಲರೂ ನಿದ್ದೆಯಲ್ಲಿದ್ದೆವು.

ದ್ವೀಪ ಅನ್ನುವುದನ್ನು ಬಿಟ್ಟರೆ ಶ್ರೀರಂಗಪಟ್ಟಣದ ಕಥೆಯೇ ಇಲ್ಲ. ಪಡುವಣದಿಂದ ಬರುವ ಕಾವೇರಿ ಅಲ್ಲಿ ಎರಡಾಗಿ ಸೀಳುತ್ತದೆ. ಒಂದು ಕವಲು ಬಡಗಣಕ್ಕೆ, ಒಂದು ತೆಂಕಣಕ್ಕೆ. ಐದು ಕಿಲೋಮೀಟರಿನಷ್ಟು ಮುಂದೆ ಹೋಗಿ ಸಂಗಮದಲ್ಲಿ ಮತ್ತೆ ಕೂಡುತ್ತವೆ. ನಡುವಿನ ನೆಲವೇ ಊರು. ಅದರ ಪಡುವಣ ತುದಿಗೆ ಕೋಟೆ, ಮೂಡಣಕ್ಕೆ ಗಂಜಾಂ. ಗುಡಿ ಗಂಗರ ಕಾಲದಿಂದ ಇದೆ. ಕೋಟೆಯನ್ನು ವಿಜಯನಗರದ ಕಾಲದಲ್ಲಿ, 1454ರಲ್ಲಿ ಕಟ್ಟಿಸಿದರು ಅಂತ ಹೇಳಿಕೆ. 1610ರಲ್ಲಿ ರಾಜ ಒಡೆಯರು ಅದನ್ನು ವಿಜಯನಗರದ ಪ್ರತಿನಿಧಿಯಿಂದ ಪಡೆದರು. ಅಲ್ಲಿಂದ 1799ರವರೆಗೆ ಮೈಸೂರು ಸೀಮೆಯ ರಾಜಧಾನಿ ಅದೇ. ಇಂದಿಗೂ ಅದು ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರ, ಗೋಡೆಯೊಳಗೆ ಮಂದಿ ಇದ್ದಾರೆ, ಮನೆ ಮುಂದೆ ರಂಗೋಲಿ ಇದೆ, ಅಂಗಡಿ ಇದೆ, ರೈಲು ನಿಲ್ದಾಣ ಇದೆ.

ಬೇಸಿಗೆಯ ಹೊತ್ತಿನಲ್ಲಿ ಹೋದರೆ ಇನ್ನೊಂದು ಮಾತು ತಿಳಿಯುತ್ತದೆ. ಕೋಟೆಯ ವಾಯವ್ಯ ಮೂಲೆಗೆ ಹೋಗಿ ನಿಲ್ಲಿ. ಅಲ್ಲೊಂದು ಕಲ್ಲಿನ ಸ್ಮಾರಕ ಕಂಬವಿದೆ. ಬ್ರಿಟಿಷ್ ಸೈನ್ಯ ಗೋಡೆ ಒಡೆದು ಒಳಗೆ ಬಂದ ಜಾಗ ಅದು. ಕೆಳಗೆ ನೋಡಿದರೆ ಕಾವೇರಿ. ಚೈತ್ರದಲ್ಲಿ ಹೊಳೆ ಅಂದರೆ ಬಂಡೆ, ಬಂಡೆಯ ನಡುವೆ ಹರಿಯುವ ನೀರು, ಮತ್ತೆ ಬಂಡೆ. ನಾನು ನಿಂತಿದ್ದಾಗ ಇಬ್ಬರು ಹುಡುಗರು ಪ್ಯಾಂಟ್ ಮಡಚಿಕೊಂಡು ನಡು ಹೊಳೆಯವರೆಗೆ ಹೋಗಿ ಮೀನಿಗೆ ಬಲೆ ಇಡುತ್ತಿದ್ದರು.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಈ ಊರಿನ ಹತ್ತಿರದವರೆಗೂ ಬಂದಿದ್ದ. ಅರಕೆರೆಯ ಬಳಿ ಕಾದಾಟದಲ್ಲಿ ಗೆದ್ದೂ ಇದ್ದ. ಆದರೆ ಮಳೆ ಹಿಡಿಯಿತು, ಹೊಳೆ ಏರಿತು, ಎತ್ತುಗಳು ಸತ್ತವು, ದವಸ ಮುಗಿಯಿತು. ತಾನೇ ಎಳೆದು ತಂದ ದೊಡ್ಡ ತೋಪುಗಳನ್ನು ಕನ್ನಂಬಾಡಿಯ ಹತ್ತಿರ ತಾನೇ ಹಾಳುಗೆಡವಿ ಹಿಂದಕ್ಕೆ ಹೋದ. ಈಗ ಕೆಆರ್‌ಎಸ್ ಅಣೆಕಟ್ಟು ಇರುವುದು ಅದೇ ಕನ್ನಂಬಾಡಿಯಲ್ಲಿ. ಮರುವರ್ಷ ಬುದ್ಧಿ ಬಂದಿತ್ತು, ಫೆಬ್ರವರಿಯಲ್ಲೇ ಬಂದ. ಮಾರ್ಚಿನಲ್ಲಿ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟ. ಆ ಹುಡುಗರ ವಯಸ್ಸು ಹತ್ತರ ಆಸುಪಾಸು, ನಮ್ಮ ನಾಲ್ಕನೇ ಐದನೇ ತರಗತಿಯ ಮಕ್ಕಳಷ್ಟು.

1799ರಲ್ಲಿ ಜನರಲ್ ಹ್ಯಾರಿಸ್ ಏಪ್ರಿಲ್ ಮೊದಲ ವಾರದಲ್ಲೇ ಬಂದು ಮುತ್ತಿಗೆ ಹಾಕಿದ. ಮುಂಗಾರಿಗೆ ಮೊದಲೇ ಕೆಲಸ ಮುಗಿಯಬೇಕಿತ್ತು. ಮೇ 2ರಂದು ಒಂದು ಗುಂಡು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ತಾಗಿ ದೊಡ್ಡ ಸ್ಫೋಟವಾಯಿತು. ಮೇ 4ರ ನಡುಮಧ್ಯಾಹ್ನ, ಬಿಸಿಲಿಗೆ ಕಾವಲಿನವರು ನೆರಳು ಹುಡುಕುವ ಹೊತ್ತಿಗೆ, ಸೈನಿಕರು ಹೊಳೆಗೆ ಇಳಿದರು. ಕೆಲವು ಕಡೆ ಮೊಳಕಾಲುದ್ದ, ಕೆಲವು ಕಡೆ ಸೊಂಟದುದ್ದ ನೀರು. ಕೆಲವೇ ನಿಮಿಷದಲ್ಲಿ ಒಡೆದ ಗೋಡೆಯ ಮೇಲಿದ್ದರು. ಸಂಜೆಯೊಳಗೆ ಟಿಪ್ಪು ಸತ್ತಿದ್ದ.

ಟಿಪ್ಪುವಿನ ಹೆಸರು ಬಂದರೆ ಸಾಕು, ವಾಟ್ಸಾಪಿನಲ್ಲಿ ಎರಡೂ ಕಡೆಯ ಹುಡುಗರು ಹೊಡೆದಾಟಕ್ಕೆ ನಿಲ್ಲುತ್ತಾರೆ. ಆ ಮೇ ತಿಂಗಳಲ್ಲಿ ಹೊಳೆಯಲ್ಲಿ ನೀರು ಎಷ್ಟಿತ್ತು ಅಂತ ಕೇಳಿ ನೋಡಿ, ಎರಡೂ ಕಡೆ ಉತ್ತರ ಇಲ್ಲ. ನಮ್ಮ ಮಂದಿ ಬೇಸಾಯದವರು. ಮುಂಗಾರಿಗೆ ಹದಿನೈದು ದಿನ ಮೊದಲು, ಹದಿನೈದು ದಿನ ಆಮೇಲೆ ಅಂದರೆ ಎಷ್ಟು ಫರಕು ಅಂತ ಪುಸ್ತಕ ಬರೆಯುವವರಿಗಿಂತ ಚೆನ್ನಾಗಿ ಬಲ್ಲವರು. ಹೊಳೆಯ ದಂಡೆಯಲ್ಲಿ ನಿಲ್ಲಿಸಿ ಹೇಳಿದರೆ ನಮ್ಮ ಮಗು ಈ ಇತಿಹಾಸವನ್ನು ಒಂದೇ ಸಲಕ್ಕೆ ಹಿಡಿಯುತ್ತದೆ. ಡಿಸೆಂಬರಿನಲ್ಲಿ, ಬಸ್ಸಿನ ಕಿಟಕಿಯಿಂದ, ಸೀಟಿಯ ಸದ್ದಿನಲ್ಲಿ ಅದು ಸಾಧ್ಯವಿಲ್ಲ.

ಇನ್ನೊಂದು ಉದಾಹರಣೆ. ದರಿಯಾ ದೌಲತ್ 1784ರ ಬೇಸಿಗೆ ಅರಮನೆ. ಅದರ ಪಡುವಣ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಆ ಯುದ್ಧದಲ್ಲಿ ಹೈದರ್, ಟಿಪ್ಪು ಗೆದ್ದರು, ಕರ್ನಲ್ ಬೇಲಿ ಸೆರೆಯಾದ. ಅವನನ್ನು ತಂದಿಟ್ಟದ್ದು ಇದೇ ಊರಿಗೆ, ಸತ್ತದ್ದೂ ಇಲ್ಲೇ. ಅವನ ಜೊತೆ ಸೆರೆಯಾದವರಲ್ಲಿ ಬೇರ್ಡ್ ಅನ್ನುವ ಒಬ್ಬ ಅಧಿಕಾರಿ ಇದ್ದ, ಮೂರು ವರ್ಷಕ್ಕೂ ಹೆಚ್ಚು ಇಲ್ಲಿ ಸಂಕೋಲೆಯಲ್ಲಿದ್ದ. 1799ರ ಮೇ 4ರಂದು ಹೊಳೆಗೆ ಇಳಿದ ಸೈನ್ಯದ ಮುಂದಾಳು ಅದೇ ಬೇರ್ಡ್. ಅರಮನೆಯ ಚಿತ್ರ, ಗೋಡೆಯ ಬುಡದ ಸೆರೆಮನೆ, ಮೂಲೆಯ ಕಂಬ, ಮೂರೂ ಸೇರಿ ಒಂದೇ ಕಥೆ. ನಡೆದರೆ ಅರ್ಧ ದಿನ ಸಾಕು. ಶಾಲೆಯ ಬಸ್ಸು ಮೊದಲನೆಯದರ ಹತ್ತಿರ ಹದಿನೈದು ನಿಮಿಷ ನಿಲ್ಲುತ್ತದೆ, ಉಳಿದ ಎರಡನ್ನು ದಾಟಿ ಹೋಗುತ್ತದೆ.

ಗೋಡೆಯ ಬಗ್ಗೆಯೂ ಹೇಳಬೇಕು. ಕೋಟೆಯನ್ನು ಸೀಳಿಕೊಂಡೇ ಬೆಂಗಳೂರು–ಮೈಸೂರು ರೈಲು ಹೋಗುತ್ತದೆ. ಇತ್ತೀಚೆಗೆ ಜೋಡಿ ಹಳಿ ಹಾಕುವಾಗ ಟಿಪ್ಪು ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. ಅದನ್ನು ಒಡೆಯಲಿಲ್ಲ. ನೂರಾರು ಟನ್ ತೂಕದ ಇಡೀ ಕಟ್ಟಡವನ್ನು ಬುಡದಿಂದ ಎತ್ತಿ, 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಒಳ್ಳೆಯ ಕೆಲಸ. ಸರ್ಕಾರ ಮನಸ್ಸು ಮಾಡಿದರೆ ಕಲ್ಲಿನ ಮನೆಯೂ ನಡೆಯುತ್ತದೆ ಅಂತಾಯಿತು. ಅದೇ ಊರಿನಲ್ಲಿ ಸಂರಕ್ಷಿತ ಗೋಡೆಯ ಪಕ್ಕದಲ್ಲಿರುವ ಬಡವ ಸೋರುವ ಮಾಡು ರಿಪೇರಿ ಮಾಡಿಸಲು ಅರ್ಜಿ ಹಿಡಿದು ತಿರುಗಬೇಕು. 2010ರ ತಿದ್ದುಪಡಿ ಕಾಯ್ದೆ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಇಲ್ಲ, ಹಳೆಯದರ ರಿಪೇರಿಗೂ ಅನುಮತಿ ಬೇಕು. ತಪ್ಪಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ.

ಕಾಯ್ದೆ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಯ್ದೆ ಇಲ್ಲದಿದ್ದರೆ ಅಷ್ಟೂ ಕಲ್ಲು ಇಷ್ಟೊತ್ತಿಗೆ ಯಾರದೋ ಕಾಂಪೌಂಡಿನಲ್ಲಿರುತ್ತಿತ್ತು. ಆದರೆ ಗೋಡೆಯೊಳಗೆ ಬದುಕುವ ಮಂದಿಯ ಈ ಇಕ್ಕಟ್ಟು ಮಕ್ಕಳಿಗೆ ಗೊತ್ತಾಗಬೇಕಲ್ಲ? ಇದು ಬೀದರಿನ ಹಳೇ ಊರಿನವರ ಇಕ್ಕಟ್ಟೂ ಹೌದು. ಶ್ರೀರಂಗಪಟ್ಟಣದಲ್ಲಿ ಜಗುಲಿಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ಹೇಳಿದ್ದನ್ನೇ ನಮ್ಮ ಚೌಬಾರಾದ ಹತ್ತಿರ ಒಬ್ಬ ಅಂಗಡಿಯವರು ಹೇಳಿದರು, ಭಾಷೆ ಮಾತ್ರ ಬೇರೆ. ಆ ಅಜ್ಜಿ, "ಗೋಡೆ ಬಿದ್ರೂ ನಮ್ಮ ತಪ್ಪು, ಗೋಡೆ ನಿಂತ್ರೂ ನಮಗೇ ಕಷ್ಟ" ಅಂದರು. ನಮ್ಮವರು, "ಕಲ್ಲಿಗಿ ಕಾನೂನ್ ಅದಾ, ನಮಗ ಎಲ್ಲಿ ಅದಾರಿ" ಅಂದರು.

ಈಗ ಬೀದರಿಗೆ ಬರೋಣ.

2014ರಲ್ಲಿ ಭಾರತ ಯುನೆಸ್ಕೊಗೆ ಕಳಿಸಿದ ತಾತ್ಕಾಲಿಕ ಪಟ್ಟಿಯಲ್ಲಿ ಶ್ರೀರಂಗಪಟ್ಟಣ ದ್ವೀಪದ ಸ್ಮಾರಕಗಳ ಹೆಸರು ಸೇರಿತು. ಅದೇ ವರ್ಷ ಅದೇ ಪಟ್ಟಿಗೆ ದಖ್ಖನ್ ಸುಲ್ತಾನರ ಕೋಟೆ, ಸ್ಮಾರಕಗಳೂ ಸೇರಿದವು. ಅದರಲ್ಲಿ ಬೀದರ್ ಇದೆ. ಅದೇ 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ ಕಾಳಜಿಯ ಪಟ್ಟಿಯಲ್ಲಿ ಬೀದರಿನ ಹಳೇ ನಗರವನ್ನು ಹೆಸರಿಸಿತು. ಹೊರಗಿನವರು ಎರಡೂ ಊರನ್ನು ಒಂದೇ ತಕ್ಕಡಿಯಲ್ಲಿ ಇಟ್ಟರು. ಒಂದನ್ನು ಮಾತ್ರ ಪ್ರವಾಸದ ಜಾಗ ಅಂತಲೂ ಇನ್ನೊಂದನ್ನು ಬಸ್ ಬದಲಿಸುವ ಜಾಗ ಅಂತಲೂ ನೋಡುವವರು ನಾವೇ.

"ಏನದಾರೀ ಅಲ್ಲಿ? ಹಳೀ ಗೋಡಿ, ಬಾವಲಿ" ಅಂತ ನಮ್ಮ ಕಡೆಯ ಒಬ್ಬ ಮಾಸ್ತರು ನನ್ನ ಮುಂದೆಯೇ ಅಂದರು. ಏನದ ಅಂತ ಕೇಳಿದ್ದಕ್ಕೆ ಸ್ವಲ್ಪ ಹೇಳುತ್ತೇನೆ.

ಶ್ರೀರಂಗಪಟ್ಟಣದ ಸುತ್ತ ನೀರು ಇದ್ದರೆ ಬೀದರಿನ ಸುತ್ತ ಇಳಿಜಾರು. ಕೆಂಪು ಕಲ್ಲಿನ ಎತ್ತರದ ನೆಲದ ಅಂಚಿಗೆ ಊರು ಕೂತಿದೆ. ಹೊಳೆ ಇಲ್ಲದ ಕಡೆ ಬಹಮನಿಗಳು ಅದೇ ಕಲ್ಲನ್ನು ಕಡಿದು ಕೋಟೆಗೆ ಮೂರು ಸಾಲು ಕಂದಕ ತೆಗೆಸಿದರು, ನಡುವೆ ಬಂಡೆಯ ಗೋಡೆಗಳನ್ನು ಹಾಗೇ ಉಳಿಸಿ. ಕೋಟೆ ಒಂದಾದರೆ, ಪೇಟೆಗೆ ಬೇರೆಯದೇ ಗೋಡೆ, ಅದಕ್ಕೆ ಐದು ಬಾಗಿಲು: ಶಾಗಂಜ್, ಫತೇ, ಮಂಗಲಪೇಟ, ದುಲ್ಹನ್, ತಾಳಘಾಟ್. ದಿನಾ ಆಟೊದಲ್ಲಿ ಈ ಹೆಸರು ಹೇಳುತ್ತೇವೆ, ಅದು ದರ್ವಾಜಾ ಅನ್ನುವುದನ್ನು ತಲೆ ಎತ್ತಿ ನೋಡಿದವರು ಕಡಿಮೆ.

ನೀರು? ಅದೂ ಇದೆ, ನೆಲದೊಳಗೆ. ನೌಬಾದ್‌ನ ಸುರಂಗ ಬಾವಿ, ಅಂದರೆ ಕರೇಜ್, ಹದಿನೈದನೇ ಶತಮಾನದ್ದು. ಪರ್ಷಿಯಾದ ವಿದ್ಯೆ. ಎರಡು ಕಿಲೋಮೀಟರಿಗೂ ಉದ್ದದ ಸುರಂಗ. ನಡುನಡುವೆ ಮೇಲಿನಿಂದ ಬಾವಿಯಂತೆ ತೋಡಿದ ಗಾಳಿಗಂಡಿ. ಮೋಟರ್ ಇಲ್ಲ, ಕರೆಂಟ್ ಇಲ್ಲ, ಇಳಿಜಾರಿನ ಲೆಕ್ಕದಲ್ಲೇ ನೀರು ಬರುತ್ತಿತ್ತು. ಏಪ್ರಿಲ್‌ನಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವ ಹಳ್ಳಿಯ ಹುಡುಗಿಗೆ ಇದಕ್ಕಿಂತ ಹತ್ತಿರದ ವಿಜ್ಞಾನ ಪಾಠ ಯಾವುದಿದೆ? ಅದಕ್ಕೂ ವಸಂತವೇ ಸರಿಯಾದ ಕಾಲ. ಮಳೆಗಾಲದಲ್ಲಿ ನೀರು ನೋಡಿದರೆ ಯಾರಿಗೂ ಬೆರಗಾಗುವುದಿಲ್ಲ.

ಬೀದರಿನ ಕೋಟೆಯೂ ಬಿದ್ದದ್ದು ವಸಂತದಲ್ಲೇ. 1657ರ ಮಾರ್ಚ್. ಔರಂಗಜೇಬ್ ಆಗ ಇನ್ನೂ ಬಾದಶಹ ಆಗಿರಲಿಲ್ಲ, ದಖ್ಖನ್ನಿನ ಸುಬೇದಾರ. ಕೋಟೆ ಆಗ ಬಿಜಾಪುರದವರ ಕೈಲಿತ್ತು, ಕಾಯುತ್ತಿದ್ದವನು ಸಿದ್ದಿ ಮರ್ಜಾನ್, ಆಫ್ರಿಕಾ ಮೂಲದ ಮುದುಕ ಸರದಾರ. ಇಪ್ಪತ್ತೇಳು ದಿನ ಹಿಡಿದು ನಿಂತ. ಕೊನೆಗೆ ಮೊಘಲರ ಕಡೆಯಿಂದ ಬಂದ ಬೆಂಕಿ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿಗೆ ತಾಗಿತು. ಸ್ಫೋಟದಲ್ಲಿ ಮರ್ಜಾನ್ ಮತ್ತು ಅವನ ಮಕ್ಕಳು ಸುಟ್ಟು ಗಾಯಗೊಂಡರು, ಕೋಟೆ ಹೋಯಿತು, ಮರ್ಜಾನ್ ಉಳಿಯಲಿಲ್ಲ. ಊರಿಗೆ ಜಫರಾಬಾದ್ ಅಂತ ಹೆಸರಿಟ್ಟರು. ಶ್ರೀರಂಗಪಟ್ಟಣದ ರಾಕೆಟ್ ಉಗ್ರಾಣ ಸಿಡಿಯುವುದಕ್ಕೆ 142 ವರ್ಷ ಮೊದಲು ನಮ್ಮ ಕೋಟೆಯಲ್ಲಿ ಅದೇ ನಡೆದಿತ್ತು. ಟಿಪ್ಪು ಸತ್ತ ಜಾಗದಲ್ಲಿ ಗುರುತಿನ ಕಲ್ಲಿದೆ, ಅದರ ಮುಂದೆ ನಮ್ಮ ಮಕ್ಕಳ ಫೋಟೊ ಇದೆ. ಮರ್ಜಾನ್ ಹೆಸರು ನಮ್ಮ ಜಿಲ್ಲೆಯ ಎಷ್ಟು ಮಕ್ಕಳಿಗೆ ಗೊತ್ತು, ನೀವೇ ಮನೆಯಲ್ಲಿ ಕೇಳಿ ನೋಡಿ.

ಮಹಮೂದ್ ಗವಾನನ ಕಥೆಯೂ ವಸಂತದ್ದೇ. ಪರ್ಷಿಯಾದಿಂದ ವ್ಯಾಪಾರಕ್ಕೆ ಬಂದವನು ಬಹಮನಿ ರಾಜ್ಯದ ವಜೀರನಾದ. 1472ರಲ್ಲಿ ಮದರಸಾ ಕಟ್ಟಿಸಿದ, ಮೂರು ಅಂತಸ್ತು, ಮುಖಕ್ಕೆಲ್ಲ ನೀಲಿ ಬಣ್ಣದ ಹೆಂಚು, ಒಳಗೆ ಮೂರು ಸಾವಿರ ಹಸ್ತಪ್ರತಿ ಇತ್ತು ಅನ್ನುತ್ತಾರೆ. ಅವನ ಏಳಿಗೆ ಸಹಿಸದವರು ಅವನ ಮುದ್ರೆ ಹಾಕಿಸಿ ಕಳ್ಳ ಕಾಗದ ಸೃಷ್ಟಿ ಮಾಡಿದರು. ಸುಲ್ತಾನ ವಿಚಾರಿಸಲೂ ಇಲ್ಲ, 1481ರ ಏಪ್ರಿಲ್‌ನಲ್ಲಿ ತಲೆ ತೆಗೆಸಿದ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಫೇಕ್ ಮೆಸೇಜ್ ನಂಬಿ ಮಾಡಿದ ಕೊಲೆ. ಫೋನ್ ಹಿಡಿದ ಹೈಸ್ಕೂಲ್ ಮಕ್ಕಳಿಗೆ ಇದನ್ನು ಆ ಮದರಸಾದ ಮೆಟ್ಟಿಲ ಮೇಲೆ ಕೂರಿಸಿ ಹೇಳಬೇಕು.

ಹೋಳಿ ಆಗಿ ಇಪ್ಪತ್ತು ದಿನಕ್ಕೆ ಅಷ್ಟೂರಿನಲ್ಲಿ ಜಾತ್ರೆ. ಊರು ಕಟ್ಟಿದ ಅಹಮದ್ ಶಾ ವಲಿಯ ಉರುಸು ಅದು, ಆದರೆ ದಿನ ನೋಡುವುದು ನಮ್ಮ ಪಂಚಾಂಗದ ಲೆಕ್ಕದಲ್ಲಿ. ಮಾಡ್ಯಾಳದ ಜಂಗಮರು ಬಂದು ಪೂಜೆ ಮಾಡುತ್ತಾರೆ, ಅವನನ್ನು ಅಲ್ಲಮಪ್ರಭು ಅಂತಲೇ ನಂಬಿ ನಡೆದುಕೊಳ್ಳುವವರೂ ಇದ್ದಾರೆ. ಗುಮ್ಮಟದ ಒಳಗೆ ತಲೆ ಎತ್ತಿದರೆ ಸುಮಾರು ಆರುನೂರು ವರ್ಷದ ಬಣ್ಣ. ಬಗದಲ್, ಭಾಲ್ಕಿ, ಔರಾದ್ ಕಡೆಯ ಎಷ್ಟೋ ಮಂದಿ ಈ ಜಾತ್ರೆಗೆ ಹೋಗಿ ತೆಂಗಿನಕಾಯಿ ಒಡೆದು ಬರುತ್ತೇವೆ. ಅಂದರೆ ಹೆತ್ತವರಿಗೆ ಈ ದಾರಿ ಗೊತ್ತು. ಗೊತ್ತಿಲ್ಲದ್ದು ಶಾಲೆಗೆ.

ಈಗ ದುಡ್ಡಿನ ಮಾತು. ದೂರದ ಪ್ರವಾಸಕ್ಕೆ ಒಂದು ಮಗುವಿಗೆ ಸಾವಿರಗಟ್ಟಲೆ ಬೇಕು. ಸೋಯಾ ರೇಟು ಬಿದ್ದ ವರ್ಷ, ತೊಗರಿ ಒಣಗಿದ ವರ್ಷ ಯಾರ ಮನೆಯಿಂದ ಬರಬೇಕು? ಕೊಡಲಾಗದವರ ಮಕ್ಕಳು ಆ ನಾಲ್ಕೈದು ದಿನ ಖಾಲಿ ತರಗತಿಯಲ್ಲಿ ಕೂರುತ್ತಾರೆ, ಇಲ್ಲವೇ ಹೊಲಕ್ಕೆ ಹೋಗುತ್ತಾರೆ. ಹೆಣ್ಣುಮಕ್ಕಳನ್ನು ರಾತ್ರಿ ಬಸ್ಸಿನಲ್ಲಿ ಕಳಿಸಲು ಎಷ್ಟೋ ಮನೆಯಲ್ಲಿ ಒಪ್ಪುವುದಿಲ್ಲ. ಹಾಗಾಗಿ ಶಾಲೆಯ ಪ್ರವಾಸ ಅಂದರೆ ಹೆಚ್ಚಾಗಿ ದುಡ್ಡಿರುವ ಮನೆಯ ಗಂಡುಹುಡುಗರ ಪ್ರವಾಸ. ಸರ್ಕಾರದ ಕರ್ನಾಟಕ ದರ್ಶನ ಇದೆ, ನಿಜ, ಅದು ಎಲ್ಲರಿಗೂ ಮುಟ್ಟುವುದಿಲ್ಲ. ಬೀದರಿಗೆ ಕರೆದೊಯ್ಯಲು ಏನು ಖರ್ಚು? ಬಸ್ ಚಾರ್ಜು, ಮಧ್ಯಾಹ್ನದ ಬುತ್ತಿ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಹತ್ತೂ ಬೆರಳು ಎಣಿಸಿದಂತೆ ಎಲ್ಲ ಮಕ್ಕಳೂ ಬರಬಹುದು, ಸಂಜೆ ದೀಪ ಹಚ್ಚುವುದರೊಳಗೆ ಮನೆ ಸೇರಬಹುದು.

ಅಪಾಯದ ಮಾತೂ ಇದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಹೋದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಹೋದರು. ಅದಾದ ಮೇಲೆ ಒಂದು ವಾರ ಎಲ್ಲರೂ ಮಾತಾಡಿದೆವು. ನಿದ್ದೆಗೆಟ್ಟ ಚಾಲಕ, ನಿದ್ದೆಗೆಟ್ಟ ಶಿಕ್ಷಕರು, ಹೊಸ ಊರು, ಹೊಸ ನೀರು. ಐವತ್ತು ಮಕ್ಕಳ ಮೇಲೆ ಕಣ್ಣಿಡಲು ಇಬ್ಬರೋ ಮೂವರೋ ಇರುತ್ತಾರೆ. ಶಿಕ್ಷಕರನ್ನು ಬೈಯುವುದು ಸುಲಭ. ಬೈಯಬೇಕಾದದ್ದು ನಾಲ್ಕು ದಿನದಲ್ಲಿ ಎಂಟು ಊರು ತೋರಿಸುತ್ತೇವೆ ಅನ್ನುವ ಆ ಪಟ್ಟಿಯನ್ನು.

ಇದಕ್ಕೆ ಬರುವ ಎದುರು ಮಾತು ನನಗೆ ಗೊತ್ತು. "ನಮ್ಮ ಹಳ್ಳಿ ಮಕ್ಕಳು ಹೊರಗಿನ ಊರು ನೋಡಬಾರದೇನು? ಬೀದರ್ ಅಂತೂ ಯಾವಾಗ ಬೇಕಾದರೂ ನೋಡಬಹುದು." ಎರಡನೇ ಮಾತಿಗೆ ಮೊದಲು ಉತ್ತರ. ಯಾವಾಗ ಬೇಕಾದರೂ ನೋಡಬಹುದು ಅನ್ನುವುದನ್ನು ಯಾರೂ ಯಾವಾಗಲೂ ನೋಡುವುದಿಲ್ಲ. ನಮ್ಮೂರಿನ ಪದವಿ ಹುಡುಗರು ದವಾಖಾನೆಗೆ, ಕೋರ್ಟಿಗೆ, ಮೊಬೈಲ್ ರಿಪೇರಿಗೆ ಅಂತ ಬೀದರಿಗೆ ನೂರು ಸಲ ಹೋಗಿದ್ದಾರೆ, ಕೋಟೆಯ ಶರ್ಜಾ ದರ್ವಾಜಾ ದಾಟಿದವರು ಬೆರಳೆಣಿಕೆ.

ಮೊದಲನೇ ಮಾತು ಗಟ್ಟಿಯಾದದ್ದು. ಹೌದು, ನೋಡಬೇಕು. ಸಮುದ್ರ ನೋಡಬೇಕು, ಮಂಜು ನೋಡಬೇಕು, ಕಾವೇರಿ ನೋಡಬೇಕು. ಆದರೆ ದೂರದ ಊರು ಅರ್ಥವಾಗಲು ಕೈಲೊಂದು ಅಳತೆಗೋಲು ಬೇಕು. ತನ್ನ ಊರಿನ ಕಂದಕ ಇಳಿದು ನೋಡಿದ ಹುಡುಗಿ ಶ್ರೀರಂಗಪಟ್ಟಣದ ಕಂದಕದ ಮುಂದೆ ನಿಂತು, "ನಮ್ಮಲ್ಲಿ ಕಲ್ಲು ಕಡಿದಾರ, ಇಲ್ಲಿ ಹೊಳೀನ ಕಂದಕ ಆಗ್ಯಾದ" ಅಂತ ತಾನೇ ಹೇಳುತ್ತಾಳೆ. ಏನನ್ನೂ ನೋಡದೆ ಹೋದವರಿಗೆ ಅಲ್ಲಿ ಕಾಣುವುದು ಐಸ್‌ಕ್ರೀಮ್ ಗಾಡಿ.

ಒಂದು ಮಾತು ದಕ್ಷಿಣದ ಗೆಳೆಯರಿಗೂ. ನಮ್ಮ ಮಕ್ಕಳು ಎಂಟುನೂರು ಕಿಲೋಮೀಟರ್ ಕೆಳಗೆ ಬರುತ್ತಾರೆ. ಮಂಡ್ಯದ, ಮೈಸೂರಿನ ಎಷ್ಟು ಶಾಲೆಗಳ ಬಸ್ಸು ಬೀದರಿಗೆ ಬಂದಿದೆ? ಹಂಪಿ ನೋಡಿ ತಿರುಗಿದರೆ ಕರ್ನಾಟಕ ಮುಗಿಯಿತು ಅಂತ ನಿಮ್ಮ ಲೆಕ್ಕ. 2019ರಲ್ಲಿ ನಮ್ಮ ಸೀಮೆಗೆ ಕಲ್ಯಾಣ ಕರ್ನಾಟಕ ಅಂತ ಹೆಸರು ಬದಲಿಸಿದರು, ಬೋರ್ಡು ಬದಲಾಯಿತು, ಬಸ್ಸಿನ ದಾರಿ ಬದಲಾಗಲಿಲ್ಲ. ಆದರೆ ನಾವೇ ನೋಡದ ಊರನ್ನು ನೋಡಲು ಬನ್ನಿ ಅಂತ ಇನ್ನೊಬ್ಬರನ್ನು ಕರೆಯುವ ಮುಖ ನಮಗೂ ಇಲ್ಲ.

ಹೊರದೇಶದಲ್ಲಿ ಏನು ಮಾಡಿದ್ದಾರೆ ನೋಡಿ. ಫ್ರಾನ್ಸ್‌ನಲ್ಲಿ ಮೋಂ ಸಾಂ ಮಿಶೆಲ್ ಅಂತ ಕಡಲ ನಡುವೆ ಗೋಡೆ ಕಟ್ಟಿದ ಹಳೇ ಪುಟ್ಟ ಊರಿದೆ. ಅಲ್ಲಿಗೆ ಹೋಗಲು ಹಾಕಿದ್ದ ಮಣ್ಣಿನ ಏರಿಯಿಂದ ಸುತ್ತ ಹೂಳು ತುಂಬಿ ದ್ವೀಪ ದ್ವೀಪವಾಗಿ ಉಳಿಯಲಿಲ್ಲ ಅಂತ, ಏರಿ ತೆಗೆದು 2014ರಲ್ಲಿ ಕಂಬದ ಮೇಲಿನ ಸೇತುವೆ ಮಾಡಿದರು. ಪ್ರವಾಸಿಗಳ ಗಾಡಿಗಳನ್ನು ಎರಡು ಕಿಲೋಮೀಟರಿಗೂ ಹೆಚ್ಚು ದೂರದಲ್ಲೇ ನಿಲ್ಲಿಸುತ್ತಾರೆ. ಅಲ್ಲಿಂದ ನಡೆದು ಹೋಗಬೇಕು, ಇಲ್ಲವೇ ಅವರದೇ ಸಣ್ಣ ಬಸ್ಸು ಹತ್ತಬೇಕು. ನೀರು ದಾಟುತ್ತಿದ್ದೇವೆ ಅಂತ ಬರುವವರಿಗೆ ಗೊತ್ತಾಗಬೇಕು ಅನ್ನುವುದಕ್ಕೆ ಅಷ್ಟು ಖರ್ಚು. ನಾವು ಶ್ರೀರಂಗಪಟ್ಟಣಕ್ಕೆ ಅಷ್ಟೆಲ್ಲ ಮಾಡಬೇಕಿಲ್ಲ. 1804ರ ಹೊತ್ತಿಗೆ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ಕಲ್ಲಿನ ಸೇತುವೆ ಅಲ್ಲೇ ಇದೆ. ಅದರ ಹತ್ತಿರ ಬಸ್ಸು ನಿಲ್ಲಿಸಿ ಮಕ್ಕಳಿಗೆ ಹೊಳೆ ತೋರಿಸಿದರೆ ಆಯಿತು. ವಸಂತವಾದರೆ ಹತ್ತಿರದ ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಮರಿ ಮಾಡಿರುತ್ತವೆ. ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಆ ಹಕ್ಕಿಗಳೂ ಗೂಡು ಕಟ್ಟಿರುವುದು ಹೊಳೆ ನಡುವಿನ ದ್ವೀಪಗಳಲ್ಲೇ, ಕಾರಣ ಕೇಳಿದರೆ ಟಿಪ್ಪು ಹೇಳುತ್ತಿದ್ದ ಕಾರಣವೇ ಬರುತ್ತದೆ.

ಹಾಗಾದರೆ ನಾನು ಕೇಳುವುದು ಇಷ್ಟು. ಎಂಟನೇ ತರಗತಿಯ ಪ್ರತಿ ಮಗುವಿಗೆ ಒಂದು ದಿನ ಬೀದರ್. ಬೆಳಿಗ್ಗೆ ಬಿಸಿಲು ಏರುವ ಮೊದಲೇ ಫತೇ ದರ್ವಾಜಾದ ಹತ್ತಿರ ಇಳಿಯಬೇಕು. ಚೌಬಾರಾದವರೆಗೆ ನಡೆಯಬೇಕು, ಅಲ್ಲಿಂದ ಗವಾನ್ ಮದರಸಾ, ಅಲ್ಲಿಂದ ಕೋಟೆ. ದಾರಿಯಲ್ಲಿ ಬಿದರಿ ಕೆಲಸ ಮಾಡುವವರ ಮನೆ ಇವೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹಮದ್ ಖಾದ್ರಿ ಅವರ ಕಸುಬು ಅದೇ. ಸತು, ತಾಮ್ರದ ಎರಕದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಹಳೇ ಮಣ್ಣಿನಲ್ಲಿ ಕುದಿಸಿದರೆ ಎರಕ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಮಣ್ಣು ಯಾಕೆ ಬೇರೆ ಕಡೆಯದು ಆಗುವುದಿಲ್ಲ ಅಂತ ವಿಜ್ಞಾನದ ಶಿಕ್ಷಕರು ವಿವರಿಸಲಿ. ಕೋಟೆಯೊಳಗೆ ರಂಗೀನ್ ಮಹಲಿಗೆ ಹೆಚ್ಚಾಗಿ ಬೀಗ ಇರುತ್ತದೆ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಗೋಡೆ ಒಳಗಿದೆ. ಶಾಲೆಗಳು ಮೊದಲೇ ಪತ್ರ ಬರೆದರೆ ಬೀಗ ತೆಗೆಯುವ ಏರ್ಪಾಡು ಇಲಾಖೆ ಮಾಡಲಿ. ನಾವು ಪತ್ರಕರ್ತರು ಆ ಬೀಗದ ಬಗ್ಗೆ ಬರೆಯೋಣ.

ಅದಾದ ಮೇಲೆ, ಒಂಬತ್ತರಲ್ಲೋ ಹತ್ತರಲ್ಲೋ, ದೂರದ ಪ್ರವಾಸ. ಒಂದೇ ಸೀಮೆ, ಎರಡೇ ಊರು, ರಾತ್ರಿ ಬಸ್ಸು ಓಡಿಸದೆ. ಶ್ರೀರಂಗಪಟ್ಟಣವಾದರೆ ಒಂದು ಪೂರ್ತಿ ದಿನ, ಗೋಡೆಯ ಗುಂಟ ನಡಿಗೆ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೇಲೆ ಎಸ್‌ಡಿಎಂಸಿ ಸಭೆ ಆಗುತ್ತದೆ. ನೀವು ಹೆತ್ತವರಾಗಿದ್ದರೆ ಹೋಗಿ. ಪ್ರವಾಸದ ಮಾತು ಬಂದಾಗ, ಎಷ್ಟು ದುಡ್ಡು ಅಂತ ಕೇಳುವ ಮೊದಲು, ಎಷ್ಟು ಊರು, ಪ್ರತಿ ಊರಿನಲ್ಲಿ ಎಷ್ಟು ತಾಸು, ಬಸ್ಸಿನಲ್ಲಿ ಎಷ್ಟು ತಾಸು ಅಂತ ಬರೆದು ಕೊಡಲು ಹೇಳಿ. ಬಾರದ ಮಕ್ಕಳು ಎಷ್ಟು, ಯಾಕೆ ಅಂತಲೂ ಬರೆಸಿ. ಬಗದಲ್ ಹೋಬಳಿಯ ಯಾವುದಾದರೂ ಶಾಲೆ ಮೊದಲು ಬೀದರಿಗೆ ಹೊರಟರೆ ನನಗೆ ತಿಳಿಸಿ. ಆ ದಿನ ನಾನೂ ಫತೇ ದರ್ವಾಜಾದ ಹತ್ತಿರ ಬಂದು ನಿಲ್ಲುತ್ತೇನೆ, ಕೈಲಾದಷ್ಟು ಹೇಳುತ್ತೇನೆ, ಫೋಟೊ ತೆಗೆದು ವರದಿಯನ್ನೂ ಮಾಡುತ್ತೇನೆ.